ಲಾಲಸಾಬ್ ಕೈ ಇಟ್ಟು ನೋಡಿದ ಮಿಷನ್ನು

ಸಿರುಗುಪ್ಪದ ಕಡೆ ಹಳೇ ಮೋಟಾರು ಕೊಂಡವರು ಅದನ್ನು ನೆಟ್ಟಗೆ ಹೊಲಕ್ಕೆ ಒಯ್ಯುತ್ತಿರಲಿಲ್ಲ. ಮೊದಲು ಲಾಲಸಾಬನ ಅಂಗಡಿಗೆ ತರುತ್ತಿದ್ದರು. ಅವನು ಮೋಟಾರು ವೈಂಡಿಂಗ್ ಮಾಡುವವನು. ಸುಟ್ಟುಹೋದ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಬಂದ ಮೋಟಾರನ್ನು ಬೆಂಚಿನ ಮೇಲಿಟ್ಟು ಚಾಲೂ ಮಾಡಿ, ರಸ್ತೆಯಾಚೆ ಇರುವ ನನ್ನ ಹೋಟೆಲಿನ ಕಡೆ ಒಂದು ಬೆರಳು ಎತ್ತುತ್ತಿದ್ದ. ನಾನು ಒಂದು ಚಾ ಒಯ್ದು ಕೊಡುತ್ತಿದ್ದೆ. ಆ ಚಾ ಮುಗಿಯುವ ತನಕ ಮೋಟಾರು ಓಡಬೇಕು. ಆಮೇಲೆ ಕೈಯ ಹಿಂಬದಿಯನ್ನು ಅದರ ಮೈಗೆ ತಾಗಿಸಿ ಕಣ್ಣು ಮುಚ್ಚುತ್ತಿದ್ದ. ಅಂಗೈ ಇಟ್ಟರೆ ಕರೆಂಟು ಹೊಡೆದಾಗ ಬೆರಳು ಮಡಚಿಕೊಂಡು ಬಿಡಿಸಲು ಬರುವುದಿಲ್ಲವಂತೆ. ಕಣ್ಣು ಬಿಟ್ಟು "ತಗೊಂಡು ಹೋಗ್ರಿ" ಅಂದರೆ ತೆಗೆದುಕೊಂಡು ಹೋಗುವುದು, "ವಾಪಸ್ ಕೊಡ್ರಿ" ಅಂದರೆ ಕೊಟ್ಟವನ ಮನೆಗೆ ಹೋಗಿ ಜಗಳ ಆಡುವುದು. ಈ ಕೆಲಸಕ್ಕೆ ಅವನು ಬಿಡಿಗಾಸು ತೆಗೆದುಕೊಳ್ಳುತ್ತಿರಲಿಲ್ಲ. ನಾನು ಆ ಚಾಕ್ಕೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು.

ಎಂಥ ದಿನಗಳು ಅವು! ಕಾಲುವೆಗೆ ನೀರು ಬಿಟ್ಟ ವಾರದಲ್ಲಿ ಕರೂರು, ಮೋಕದ ಕಡೆಯಿಂದ ಬಂದ ಮೋಟಾರುಗಳು ರಸ್ತೆವರೆಗೆ ಸಾಲು ನಿಲ್ಲುತ್ತಿದ್ದವು. ಇಡೀ ಓಣಿಗೆ, ಸುತ್ತಿದ ತಂತಿಗೆ ಬಳಿಯುವ ವಾರ್ನಿಶ್ ವಾಸನೆ. ನನ್ನ ಒಗ್ಗರಣೆ ಮಂಡಕ್ಕಿಗೂ ಅದೇ ವಾಸನೆ ಹತ್ತಿದೆ ಎಂದು ಗಿರಾಕಿಗಳು ಬೈಯುತ್ತಿದ್ದರು, ಬೈಯುತ್ತಲೇ ಎರಡನೇ ಪ್ಲೇಟು ತಿನ್ನುತ್ತಿದ್ದರು. ಲಾಲಸಾಬನ ಹೆಂಡತಿ ಖಾತೂನ್ ಅಂಗಡಿಯ ಒಳಗೆ ಕುಳಿತು ಕಾಯಿಲ್ ಸುತ್ತುತ್ತಿದ್ದಳು. ಅವಳ ಸುತ್ತು ಗಂಡನದಕ್ಕಿಂತ ಬಿಗಿ ಎಂದು ನಾನು ಹೇಳಿದರೆ ಅವನು ಮೂರು ದಿನ ಮುಖ ಗಂಟು ಹಾಕುತ್ತಿದ್ದ.

ಅದಿರಿನ ಕಾಲದಲ್ಲಿ ಬಳ್ಳಾರಿಯವರು ಅವನನ್ನು ಕರೆದೊಯ್ದಿದ್ದರು. ಅಲ್ಲಿ ಅದಿರು ಒಡೆಯುವ ಮಿಷನ್ನುಗಳ ಮೋಟಾರು ದಿನಕ್ಕೊಂದು ಸುಡುತ್ತಿತ್ತು. ಕೈತುಂಬ ಸಂಬಳ. ಆರೇ ತಿಂಗಳಿಗೆ ಕೆಂಪು ಧೂಳು ಮೆತ್ತಿದ ಚೀಲ ಹೆಗಲಿಗೇರಿಸಿಕೊಂಡು ವಾಪಸ್ ಬಂದ. "ಯಾಕಲೇ, ಮತಿಗೇಡಿ?" ಅಂದೆ.

"ಅಲ್ಲಿ ಮೋಟಾರಿಗೆ ಉಸಿರಾಡಾಕ ಬಿಡೂದಿಲ್ಲ ಕೊಟ್ಟೂರಪ್ಪ. ಸುಟ್ರ ಸುಡ್ಲಿ, ಇನ್ನೊಂದು ಹಚ್ಚು ಅಂತಾರ. ನನಗ ನೋಡಾಕ ಆಗಲಿಲ್ಲ" ಅಂದ. ಮೋಟಾರಿನ ಬಗ್ಗೆ ಹೀಗೆ ಮಾತಾಡುವ ಮನುಷ್ಯನಿಗೆ ಒಂದು ಚಾ ಒಯ್ದು ಕೊಟ್ಟೆ.

ಎರಡನೇ ಅಲೆಯ ಕೊರೊನಾ ಮುಗಿದ ಮೇಲೆ ಕರೂರಿನ ರಾಮಾಂಜಿನಿ ನನ್ನ ಹೋಟೆಲಿಗೆ ಬರತೊಡಗಿದ. ಇಸ್ತ್ರಿ ಅಂಗಿ, ಬಾಯಿ ತುಂಬ ಅಣ್ಣ, ಅಕ್ಕ. ಬಳ್ಳಾರಿಯ ಒಂದು ಕಾಂಪ್ಲೆಕ್ಸಿನ ಮೂರನೇ ಮಹಡಿಯಲ್ಲಿ ಕಂಪನಿಯಂತೆ; ಇವನು ಅದರ ಏಜೆಂಟು. ಕಂಪ್ಯೂಟರಿನಂಥ ಒಂದು ಮಿಷನ್ನು, ಹಗಲೂ ರಾತ್ರಿ ಲೆಕ್ಕ ಬಿಡಿಸಿ ಬಿಟ್‌ಕಾಯಿನ್ ದುಡಿಯುತ್ತದಂತೆ. ದುಡ್ಡು ಕೊಟ್ಟು ಮಿಷನ್ನು ನಾವು ಕೊಳ್ಳಬೇಕು, ಅದನ್ನು ಕುರುಗೋಡಿನ ಹಳೇ ಹತ್ತಿ ಮಿಲ್ಲಿನಲ್ಲಿ ಕಂಪನಿಯವರು ಓಡಿಸುತ್ತಾರೆ, ತಿಂಗಳಾ ತಿಂಗಳಾ ನಮಗೆ ಬಾಡಿಗೆ. ಒಂದು ವಾರದಲ್ಲೇ ನಾನು ಹೆಂಡತಿಯ ಸರ ಒತ್ತೆ ಇಟ್ಟು ಒಂದು ಮಿಷನ್ನು ಕೊಂಡೆ. ಯಾರಿಗೂ ಹೇಳಲಿಲ್ಲ.

ಉಳಿದವರು ನನ್ನಷ್ಟು ದಡ್ಡರಲ್ಲ. "ಲಾಲಸಾಬ್ ಕೈ ಇಟ್ಟು ನೋಡ್ಲಿ, ಆಮ್ಯಾಲ ಮಾತು" ಅಂದರು. ರಾಮಾಂಜಿನಿ ಮರುದಿನವೇ ಒಂದು ಮಿಷನ್ನು ತಂದು ಅವನ ಬೆಂಚಿನ ಮೇಲಿಟ್ಟ. ನಾನು ಚಾ ಹಿಡಿದು ಹೋದೆ. ಚಾಲೂ ಮಾಡಿದ ಕೂಡಲೇ ಅದು ಭರ್ರೆಂದು ಅರಚಿತು, ನನ್ನ ಹೋಟೆಲಿನ ಟ್ಯೂಬ್‌ಲೈಟು ಮಂಕಾಯಿತು. ಲಾಲಸಾಬ್ ಚಾ ಮುಗಿಸಿ ಕೈ ಇಟ್ಟ, ಕಣ್ಣು ಮುಚ್ಚಿದ.

"ಮಿಷನ್ ಚಲೋ ಐತಿ. ನಾಕು ಎಚ್‌ಪಿ ಮೋಟಾರಿನಷ್ಟು ಕರೆಂಟು ತಿಂತೈತಿ" ಅಂದ. ಆಮೇಲೆ ಕೇಳಿದ: "ಇಷ್ಟು ಲಾಭ ಇದ್ರ ನಿಮ್ಮ ಕಂಪನಿ ತಾನ ಇಟ್ಕೋಬೌದಲ್ಲಪ್ಪಾ, ನಮಗ್ಯಾಕ ಮಾರ್ತೈತಿ? ನಾಳಿ ಆ ಕಾಯಿನ್ ರೇಟು ಬಿದ್ರ ಕರೆಂಟ್ ಬಿಲ್ ಯಾರು ಕಟ್ಟಾರ?"

"ಎಲ್ಲಾ ಕಂಪನಿ ನೋಡ್ಕೋತೈತಿ ಅಣ್ಣಾ" ಎಂದು ರಾಮಾಂಜಿನಿ ನಕ್ಕ. ಅವನು ಅತ್ತ ಹೋದ ಮೇಲೆ ಲಾಲಸಾಬ್ ನನ್ನ ಕಡೆ ತಿರುಗಿದ. "ಮಿಷನ್ನಿಂದು ಅಷ್ಟ ನಾ ಹೇಳಿದ್ದು, ಕಂಪನಿದಲ್ಲ. ಕುರುಗೋಡಿಗೆ ಹೋಗಿ ನೋಡೂತನಕ ಯಾರೂ ರೊಕ್ಕ ಕೊಡಬಾರದು. ನಿನ್ನ ಹೋಟೆಲಿಗೆ ಬಂದೋರಿಗೆ ಹೇಳಿಬಿಡು."

ಹೂಂ ಅಂದೆ. ಆ ಸಂಜೆ ಹೋಟೆಲಿನಲ್ಲಿ ಕೇಳಿದವರಿಗೆಲ್ಲ, "ಲಾಲಸಾಬ್ ಕೈ ಇಟ್ಟಾನ, ಚಲೋ ಐತಿ ಅಂದಾನ" ಎಂದಷ್ಟೇ ಹೇಳಿದೆ. ಉಳಿದದ್ದನ್ನು ನುಂಗಿದೆ. ನಾನೊಬ್ಬನೇ ದುಡ್ಡು ಹಾಕಿದ್ದರೆ ಎದೆ ಡವಡವ ಎನ್ನುತ್ತದೆ, ಹತ್ತು ಜನ ಹಾಕಿದರೆ ನಿದ್ದೆ ಬರುತ್ತದೆ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಹದಿನೈದು ದಿನದಲ್ಲಿ ಓಣಿಯ ಹನ್ನೊಂದು ಮನೆಯವರು ದುಡ್ಡು ಕೊಟ್ಟರು. ಸಾಲಿಯಲ್ಲಿ ಬಿಸಿಯೂಟ ಮಾಡುವ ವಿರೂಪಮ್ಮ ಗಂಡ ಸತ್ತಾಗ ಬಂದ ದುಡ್ಡನ್ನೆಲ್ಲ ಕೊಟ್ಟಳು. ಎರಡು ತಿಂಗಳು ಬಾಡಿಗೆ ಸರಿಯಾಗಿ ಬಂತು. ಲಾಲಸಾಬನಿಗೆ ನಾಟಿಯ ಕಾಲದ ಕೆಲಸ, ತಲೆ ಎತ್ತಲು ಪುರುಸೊತ್ತಿಲ್ಲ; ಓಣಿಯವರು ದುಡ್ಡು ಹಾಕಿದ್ದು ಅವನ ಕಿವಿಗೇ ಬಿದ್ದಿರಲಿಲ್ಲ. ಕೆಲಸ ತಗ್ಗಿದ ಮೇಲೆ, "ಏಳು, ಕುರುಗೋಡಿಗೆ ಹೋಗಿ ಬರೋಣು" ಎಂದು ನನ್ನನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿದ. ಮಧ್ಯಾಹ್ನ ಆ ಮಿಲ್ಲು ಮುಟ್ಟಿದೆವು. ಒಳಗೆ ಕಬ್ಬಿಣದ ಹಲಗೆಗಳ ಮೇಲೆ ಸಾಲಾಗಿ ನಲವತ್ತು ಮಿಷನ್ನು. ಪಂಖಗಳು ತಿರುಗುತ್ತಿದ್ದವು, ಹಸಿರು ದೀಪಗಳು ಮಿಣಮಿಣ ಎನ್ನುತ್ತಿದ್ದವು. ನನ್ನ ಎದೆ ಉಬ್ಬಿತು. ಲಾಲಸಾಬ್ ಮಿಷನ್ನುಗಳ ಹತ್ತಿರವೇ ಹೋಗಲಿಲ್ಲ. ಕಂಬದಿಂದ ಒಳಬಂದ ಕೇಬಲ್ಲನ್ನು ಹುಡುಕಿ, ಅದಕ್ಕೆ ಕೈಯ ಹಿಂಬದಿ ಇಟ್ಟ. ಬಹಳ ಹೊತ್ತು ಕಣ್ಣು ಮುಚ್ಚಿದ್ದ.

"ತಣ್ಣಗೈತಿ. ಮನಿಗೆ ಎಳೆಯೂ ವೈರು ಇದು. ನಲವತ್ತು ಮಿಷನ್ ಓಡಿದ್ರ ರೊಟ್ಟಿ ಹಂಚಿನಂಗ ಕಾದಿರತಿತ್ತು. ಖಾಲಿ ಡಬ್ಬಿಗೆ ಪಂಖ ಹಚ್ಚಿ ತಿರುಗಿಸಾಕ ಹತ್ಯಾರ. ನಡಿ" ಅಂದ.

ಬಸ್ಸಿನಲ್ಲಿ ಸಮಾಧಾನದಿಂದಲೇ ಇದ್ದ. "ಪುಣ್ಯಾಕ ಯಾರೂ ಹಾಕಿಲ್ಲಲ್ಲ" ಅಂದ. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ಗದ್ದೆಗಳು ಹಸಿರಾಗಿದ್ದವು.

ಖಾಲಿ ಡಬ್ಬಿಗಳ ಸುದ್ದಿ ರಾತ್ರಿಯೇ ಓಣಿ ತುಂಬ ಹರಡಿತು; ಮರುದಿನವೇ ಹನ್ನೊಂದು ಮನೆಯವರು ಬಳ್ಳಾರಿಗೆ ಓಡಿದರು. ಮೂರನೇ ಮಹಡಿಗೆ ಬೀಗ. ರಾಮಾಂಜಿನಿಯ ಫೋನು ಬಂದ್; ಅವನ ಸ್ವಂತ ಅಣ್ಣನ ದುಡ್ಡೂ ಅದರಲ್ಲೇ ಮುಳುಗಿತ್ತು ಎಂದು ಆಮೇಲೆ ಗೊತ್ತಾಯಿತು. ವಾಪಸ್ ಬಂದವರು ನೆಟ್ಟಗೆ ಲಾಲಸಾಬನ ಅಂಗಡಿಯ ಮುಂದೆ ನಿಂತರು. ವಿರೂಪಮ್ಮ ಕೂಗಾಡಲಿಲ್ಲ. "ನಿನ್ನ ಕೈ ನಂಬಿ ಕೊಟ್ಟೆ ಲಾಲಸಾಬಣ್ಣ. ಚಲೋ ಐತಿ ಅಂದಿಯಂತಲ್ಲ" ಎಂದಷ್ಟೇ ಅಂದಳು.

ಅವನು ತಲೆ ಎತ್ತಿ ರಸ್ತೆಯಾಚೆ ನನ್ನನ್ನು ನೋಡಿದ. ನಾನು ಒಣಗಿದ್ದ ಕೌಂಟರನ್ನು ಬಟ್ಟೆಯಿಂದ ಒರೆಸುತ್ತಿದ್ದೆ. ಅವನು ಬಾಯಿ ಬಿಡುತ್ತಾನೆ, ನನ್ನ ಹೆಸರು ಹೇಳುತ್ತಾನೆ ಎಂದುಕೊಂಡೆ. ಹೇಳಲಿಲ್ಲ. "ತಪ್ಪಾತು ತಂಗಿ" ಅಂದು ಒಳಗೆ ಹೋದ.

ಅಂದಿನಿಂದ ಅವನು ಮೋಟಾರಿಗೆ ಕೈ ಇಟ್ಟು ನೋಡುವುದನ್ನು ಬಿಟ್ಟ. ಯಾರಾದರೂ ಕೇಳಿದರೆ, "ರಿಪೇರಿ ಅಷ್ಟ ಮಾಡ್ತೀನ್ರಿ, ಹೇಳೂದು ಬಿಟ್ಟೀನಿ" ಅನ್ನುತ್ತಿದ್ದ. ನನ್ನ ಕಡೆ ಬೆರಳು ಎತ್ತುವುದೂ ನಿಂತಿತು. ಸಂಜೆ ತಾನೇ ಬಂದು, ನಿಂತುಕೊಂಡೇ ಚಾ ಕುಡಿದು, ಹತ್ತು ರೂಪಾಯಿ ಕೌಂಟರಿನ ಮೇಲೆ ಇಟ್ಟು ಹೋಗುತ್ತಿದ್ದ. ಮೊದಲ ದಿನ ಆ ದುಡ್ಡು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. "ತಗೋಲೇ ವಾಪಸ್ಸು" ಅಂದೆ. ಅವನು ತಿರುಗಿ ನೋಡಲಿಲ್ಲ. ಖಾತೂನ್ ಮಾತ್ರ ಎಂದಿನಂತೆ ಮಾತಾಡಿಸುತ್ತಿದ್ದಳು. ಗಂಡ ಅವಳಿಗೂ ಹೇಳಿರಲಿಲ್ಲವೆಂದು ಅದರಿಂದಲೇ ತಿಳಿಯಿತು.

ಹೀಗೆ ಎರಡು ವರ್ಷ. ಒಂದು ಬೆಳಿಗ್ಗೆ ವಿರೂಪಮ್ಮ ಆಟೋದಲ್ಲಿ ಒಂದು ಹಳೇ ದೋಸೆ ಗ್ರೈಂಡರು ಹಾಕಿಕೊಂಡು ಬಂದಳು. ಹಿಟ್ಟು ರುಬ್ಬಿ ಮಾರಬೇಕೆಂದಿದ್ದಳು. ಚೀಟಿ ಎತ್ತಿದ ದುಡ್ಡು ಅಷ್ಟೇ ಇತ್ತು. "ಒಂದ್ಸಲ ಕೈ ಇಟ್ಟು ಹೇಳು ಲಾಲಸಾಬಣ್ಣ" ಎಂದು ಕೇಳಿಕೊಂಡಳು. ಅಂಥವಳೂ ಬಂದು ಕೇಳಿದಳು. ಅವನು ತಲೆ ಅಲ್ಲಾಡಿಸಿದ. "ನನ್ನ ಕೈ ಮಾತು ಕೇಳಿ ಒಮ್ಮೆ ಕೆಟ್ಟೀ ತಂಗಿ. ಬ್ಯಾಡ."

ಅವಳು ಗ್ರೈಂಡರಿನ ಪಕ್ಕದಿಂದ ಕದಲಲಿಲ್ಲ. ನನಗೆ ತಡೆಯಲಾಗಲಿಲ್ಲ. ಒಲೆ ಹಾಗೇ ಬಿಟ್ಟು ರಸ್ತೆ ದಾಟಿದೆ. ಅಂಗಡಿಯಲ್ಲಿ ಐದಾರು ಜನ ಇದ್ದರು.

"ಅವನ ಕೈ ಸುಳ್ಳು ಹೇಳಿಲ್ಲ" ಅಂದೆ. "ಕುರುಗೋಡಿಗೆ ಹೋಗಿ ನೋಡೂತನಕ ಯಾರೂ ರೊಕ್ಕ ಕೊಡಬ್ಯಾಡ್ರಿ ಅಂತ ಅವತ್ತೇ ನನಗ ಹೇಳಿದ್ದ. ನಿಮಗ ಹೇಳದ ಇದ್ದಾಂವ ನಾನು. ನಾನೂ ಹಾಕಿದ್ದೆ, ನೀವೂ ಹಾಕ್ರಿ ಅಂತ ಬಾಯಿ ಮುಚ್ಚಿಕೊಂಡೆ."

ಒಳಗೆ ಖಾತೂನ್ ತಂತಿ ಸುತ್ತುವುದನ್ನು ನಿಲ್ಲಿಸಿದಳು. ವಿರೂಪಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ದಿನಾ ನಿನ್ನ ಹೋಟೆಲಿನ ಮುಂದ ಹಾದು ಹೋಗ್ತಿದ್ನಲ್ಲೋ ಕೊಟ್ಟೂರಪ್ಪ" ಅಂದಳು. ಹೊಡೆದಿದ್ದರೆ ಚೆನ್ನಾಗಿತ್ತು. ಆಮೇಲೆ ಲಾಲಸಾಬನ ಕಡೆ ತಿರುಗಿ, "ಈಗರ ಇಡಪ್ಪಾ ಕೈ" ಅಂದಳು.

ಅವನು ಗ್ರೈಂಡರು ಚಾಲೂ ಮಾಡಿದ. ರಸ್ತೆಯಾಚೆಗೆ ಬೆರಳು ಎತ್ತಲಿಲ್ಲ, ನಾನು ಅಲ್ಲೇ ನಿಂತಿದ್ದೆನಲ್ಲ. ನಾನು ಓಡಿಹೋಗಿ ಚಾ ತಂದೆ. ಕುಡಿದ. ಕೈಯ ಹಿಂಬದಿ ಇಟ್ಟು ಕಣ್ಣು ಮುಚ್ಚಿದ. "ತಗೊಂಡು ಹೋಗು ತಂಗಿ" ಅಂದ.

ಈಗ ವಿರೂಪಮ್ಮನ ಹಿಟ್ಟು ನನ್ನ ಹೋಟೆಲಿಗೂ ಬರುತ್ತದೆ. ಹಳೇ ಮೋಟಾರು ಕೊಂಡವರು ಮತ್ತೆ ಅವನ ಹತ್ತಿರ ತರುತ್ತಾರೆ, ಅವನು ಬೆರಳು ಎತ್ತುತ್ತಾನೆ, ನಾನು ಚಾ ಒಯ್ಯುತ್ತೇನೆ. ಎಲ್ಲ ಮೊದಲಿನ ಹಾಗೇ ಕಾಣುತ್ತದೆ. ಸಂಜೆ ಅಂಗಡಿ ಮುಚ್ಚಿದ ಮೇಲೆ ಬಂದು ಒಂದೆರಡು ಮಾತಾಡುತ್ತಾನೆ, ಒಮ್ಮೊಮ್ಮೆ ನಗುತ್ತಾನೆ ಕೂಡ. ಹೋಗುವಾಗ ಮಾತ್ರ ಆ ದಿನದ ಚಾಗಳನ್ನು ಲೆಕ್ಕ ಹಾಕಿ ದುಡ್ಡು ಕೌಂಟರಿನ ಮೇಲೆ ಇಡುತ್ತಾನೆ.