ಗಂಗಿ ಪೂಜಿ ಎಲ್ಲಿ ಮಾಡಿದ್ರಿ?

ಹೋದ ವಾರ ಬಳ್ಳಾರಿಯ ಬ್ರೂಸ್‌ಪೇಟೆಯ ಗುಜರಿ ಅಂಗಡಿಯೊಂದರ ಮುಂದೆ ಪಾತಾಳಗರಡಿ ನೇತಾಡುತ್ತಿತ್ತು. ಬಾವಿಗೆ ಬಿದ್ದ ಕೊಡ ಎತ್ತಲು ಹಗ್ಗಕ್ಕೆ ಕಟ್ಟಿ ಬಿಡುವ ಕಬ್ಬಿಣದ ಕೊಕ್ಕೆಗಳ ಗೊಂಚಲು. ನಾನು ಪೇಟೆಗೆ ಹೋಗಿದ್ದು ಬಾಣಂತಿ ಮಗಳಿಗೆ ಒಣಕೊಬ್ಬರಿ ತರಲು. ಅದನ್ನು ಕಂಡದ್ದೇ ತಡ, ಕಾಲು ಅಲ್ಲೇ ನಿಂತವು. ತುಕ್ಕಿನ ವಾಸನೆ, ಅದರ ಬೆನ್ನಿಗೇ ಬ್ಲೀಚಿಂಗ್ ಪುಡಿಯ ಘಾಟು, ಒದ್ದೆ ಹಗ್ಗದ ವಾಸನೆ... ಆಮೇಲೆ ಅವರು. ಸಿರುಗುಪ್ಪದ ನಮ್ಮ ವಾಲ್‌ಮನ್ ಅಜ್ಜ.

ಆಗ ನಾನು ಸಿರುಗುಪ್ಪದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತೆ. ಅಜ್ಜ ಮೂವತ್ತು ವರ್ಷ ಓಣಿ ಓಣಿಗೆ ನೀರು ಬಿಟ್ಟು ನಿವೃತ್ತರಾಗಿದ್ದವರು. ವಾಲ್ ತಿರುಗಿಸುವ ಕೆಲಸ ಹೋದರೂ ಚಟ ಹೋಗಿರಲಿಲ್ಲ. ದಿನಾ ಬೆಳಿಗ್ಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತು, ಯಾವ ಓಣಿಗೆ ನೀರು ಬಂತು, ಯಾವ ಓಣಿಗೆ ಬರಲಿಲ್ಲ ಎಂದು ಯಾರೂ ಕೇಳದ ವರದಿ ಒಪ್ಪಿಸುತ್ತಿದ್ದರು. ನನಗೆ ಅದು ಕಿರಿಕಿರಿ.

ಒಮ್ಮೆ ಮೇಲಿನವರಿಂದ ಒಂದು ನಮೂನೆ ಬಂತು. ವಿಪತ್ತು ಬಂದರೆ ನೀರಿಗೆ ಬದಲಿ ದಾರಿ ಏನು, ಊರಲ್ಲಿ ಬಳಸಬಹುದಾದ ತೆರೆದ ಬಾವಿಗಳು ಎಷ್ಟು ಎಂದು ಅದರಲ್ಲಿ ಕೇಳಿದ್ದರು. ನಾನು ಕುರ್ಚಿ ಬಿಟ್ಟೇಳಲಿಲ್ಲ. ನಾಲ್ಕು ಮನೆಗೆ ಫೋನು ಮಾಡಿದೆ, ನಾಲ್ಕೂ ಮನೆಯವರು ಇಲ್ಲ ಎಂದರು, ಖಾನೆಯಲ್ಲಿ ದುಂಡಗೆ 'ಇಲ್ಲ' ಎಂದು ಬರೆದೆ. ಅಜ್ಜ ಬಗ್ಗಿ ಓದಿದರು.

"ಇಷ್ಟು ದೊಡ್ಡ ಊರಾಗ ಒಂದೂ ಬಾವಿ ಇಲ್ಲಂತ ಬರದೀರಲ್ಲ ಮೇಡಮ್ಮಾರೆ! ನಿಮ್ಮ ಪೆನ್ನಿಗೇನು ನೀರಡಿಕಿ ಆಗಂಗಿಲ್ಲ ಬಿಡ್ರಿ."

ನನ್ನ ನಾಲಿಗೆಯೂ ಏನು ಕಡಿಮೆಯದಲ್ಲ. "ನಿಮ್ಮ ಡ್ಯೂಟಿ ಮುಗದೈತಿ ಅಜ್ಜಾ, ಚಾ ಕುಡದು ಮನಿಗೆ ಹೋಗ್ರಿ" ಎಂದುಬಿಟ್ಟೆ. ನಕ್ಕು ಎದ್ದು ಹೋದರು.

ಆ ಮಳೆಗಾಲ ತುಂಗಭದ್ರೆ ದಂಡೆ ಬಿಟ್ಟು ಬಂದಳು. ಪಂಪ್‌ಹೌಸ್ ಮುಳುಗಿತು. ಕರೆಂಟು ಹೋಗಿ ಬೋರುಗಳೂ ಬಾಯಿ ಮುಚ್ಚಿದವು. ಹಳ್ಳದ ಸೇತುವೆಗಳ ಮೇಲೆ ನೀರು ಹರಿದು, ಬಳ್ಳಾರಿಯಿಂದ ಹೊರಟ ಟ್ಯಾಂಕರ್‌ಗಳು ಆಚೆ ದಡದಲ್ಲೇ ನಿಂತವು. ಸುತ್ತ ಕಣ್ಣು ಹಾಯಿಸಿದಷ್ಟೂ ನೀರು, ಕುಡಿಯಲು ಗುಟುಕಿಲ್ಲ. ಮೂರನೆಯ ದಿನ ಬೆಳಿಗ್ಗೆ ಆಸ್ಪತ್ರೆಯ ನರ್ಸ್ ಒಬ್ಬಳು ಸೀರೆ ಎತ್ತಿ ಕಟ್ಟಿ, ಕೆಸರು ತುಳಿದುಕೊಂಡು ನಮ್ಮ ಕಚೇರಿಗೆ ಬಂದಳು.

"ಹೆರಿಗಿ ವಾರ್ಡಿನಾಗ ಏಳು ಮಂದಿ ಅದಾರ್ರೀ. ಟಾಕಿ ನೀರು ಸಂಜಿತನಕ ಬಂದ್ರ ಪುಣ್ಯ."

ಕಡತ ತೆಗೆದರೆ ನನ್ನದೇ ಅಕ್ಷರ, 'ಇಲ್ಲ'. ನೀರಡಿಸಿದಾಗ ಬಾವಿ ತೋಡಿದರು ಎಂದು ಬೇರೆಯವರನ್ನು ಆಡಿಕೊಳ್ಳುತ್ತಿದ್ದವಳು ನಾನು. ತಲೆ ಎತ್ತಿದರೆ ಬಾಗಿಲಲ್ಲಿ ಅಜ್ಜ. ಹೆಗಲ ಮೇಲೆ ಪಾತಾಳಗರಡಿ, ಕೈಯಲ್ಲಿ ಹಗ್ಗದ ಸಿಂಬಿ. ಒಂದು ಚುಚ್ಚುಮಾತನ್ನಾದರೂ ಆಡಬಹುದಿತ್ತು. "ಏಳ್ರಿ, ಹೊತ್ತಾತು" ಎಂದರು, ಅಷ್ಟೇ.

ಹೊಳೆ ನೀರು ನುಗ್ಗಿದ ಬಾವಿ ಕೆಲಸಕ್ಕೆ ಬಾರದು ಎಂದು ಎತ್ತರದ ಓಣಿಗಳಿಗೇ ನನ್ನನ್ನು ನಡೆಸಿದರು. ಮೊದಲ ಮನೆಯಲ್ಲಿ ಮಾತು ನಾನೇ ತೆಗೆದೆ. ಬಾಗಿಲಿಗೆ ಬಂದ ಸೊಸೆ ನನ್ನ ಕೈಯ ಕಡತ ನೋಡಿದಳು. "ಬಾವಿನಾ? ನಮ್ಮನ್ಯಾಗ ಎಲ್ಲಿ ಬಾವಿರೀ, ಮುಂದಕ ಹೋಗ್ರಿ" ಎಂದಳು. ತಪ್ಪು ಅವಳದಲ್ಲ. ಬಾವಿ ಇದೆ ಎಂದರೆ ಕಚೇರಿಯವರು ನೋಟೀಸು ಕೊಡುತ್ತಾರೆ, ಮಣ್ಣು ಹಾಕಿ ಮುಚ್ಚಿ ಅನ್ನುತ್ತಾರೆ ಎಂಬ ಹೆದರಿಕೆ ಊರಿಗೆಲ್ಲ ಇತ್ತು.

ಅಜ್ಜ ನನ್ನನ್ನು ಪಕ್ಕಕ್ಕೆ ಸರಿಸಿ, ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆಯನ್ನು ಕೂಗಿ ಕೇಳಿದರು. "ಯಮ್ಮಾ, ನಿಮ್ಮ ಹೆಣ್ಮಕ್ಕಳು ಬಾಣಂತನಕ್ಕ ಬಂದಾಗ ಗಂಗಿ ಪೂಜಿ ಎಲ್ಲಿ ಮಾಡಿಸಿದ್ರಿ?" ಬಾಣಂತಿ ಮೊದಲ ಸಲ ನೀರು ತರುವಾಗ ಬಾವಿಕಟ್ಟೆಯಲ್ಲಿ ಮಾಡುವ ಪೂಜೆ ಅದು.

ಆ ಮುದುಕಿಯ ಮುಖ ಅರಳಿದ್ದು ನೋಡಬೇಕಿತ್ತು. "ಅಯ್ಯ, ಮಂದಿ ಮನಿಗೆ ಯಾಕ ಹೋಗಲೋ ಯಪ್ಪಾ? ನಮ್ಮ ಗಂಗವ್ವ ಮನಿಯಾಗ ಅದಾಳಲ್ಲ! ಮೂರೂ ಮಂದೀದು ಇಲ್ಲೇ ಆಗ್ಯಾವ. ಬರ್ರಿ, ತೋರಸ್ತೀನಿ."

ಸೊಸೆ ತಲೆ ತಗ್ಗಿಸಿದಳು. ಹಿತ್ತಲಿನ ಕೋಣೆಯಲ್ಲಿ ಅಕ್ಕಿ ಚೀಲಗಳ ಕೆಳಗೆ ಬಂಡೆ, ಬಂಡೆಯ ಕೆಳಗೆ ಬಾವಿ. ಬಂಡೆಯ ಅಂಚಿನಲ್ಲಿ ಯಾವಳೋ ಬಾಣಂತಿ ಪೂಜೆಗೆ ಇಟ್ಟ ಐದು ಹರಳು ಕಲ್ಲು, ಅರಿಶಿನ ಮಾಸಿದವು, ಇನ್ನೂ ಹಾಗೇ ಇದ್ದವು.

ನಾಲ್ಕು ಗಂಡಸರು ಸೇರಿ ಬಂಡೆ ಸರಿಸಿದರು. ಅಜ್ಜ ಮೊದಲು ಲಾಟೀನು ಹೊತ್ತಿಸಿ ಇಳಿಬಿಟ್ಟರು. ದೀಪ ಆರಿದರೆ ಕೆಟ್ಟ ಗಾಳಿ, ಯಾರೂ ಇಳಿಯುವಂತಿಲ್ಲ. ಆರಲಿಲ್ಲ. ಪಾತಾಳಗರಡಿ ಆಡಿಸಿ ತಂಬಿಗೆ, ಚಪ್ಪಲಿ, ಕೊಳೆತ ಹಗ್ಗ ಎಲ್ಲ ಎಳೆದು ಹಾಕಿದರು. ನಿಂತ ನೀರನ್ನು ಸೇದಿ ಚೆಲ್ಲಿಸಿದರು. ಹೊಸ ನೀರು ಏರಿದ ಮೇಲೆ ಬ್ಲೀಚಿಂಗ್ ಪುಡಿ ಕಲಸಿ ಅದರ ತಿಳಿಯನ್ನಷ್ಟೇ ಹಾಕಿ, ಕಾದರು. ನನಗೋ ಜೀವ ಚಡಪಡಿಕೆ, ಸೂರ್ಯ ಇಳಿಯುತ್ತಿದ್ದಾನೆ. "ಬೇಗ ಆಗ್ಲಿ ಅಜ್ಜಾ" ಎಂದರೆ "ಬಾಣಂತ್ಯಾರು ಕುಡಿಯೋ ನೀರ್ರೀ ಇದು" ಎಂದು ಗದರಿದರು. ಶೀಶೆಯ ನೀರಿಗೆ ಪರೀಕ್ಷೆಯ ಔಷಧದ ಹನಿ ಬಿಟ್ಟಾಗ ಅದು ತಿಳಿಹಳದಿಗೆ ತಿರುಗಿತು, ಕುಡಿಯಲು ಅಡ್ಡಿಯಿಲ್ಲ ಎಂಬ ಗುರುತು. ಮೊದಲ ಬೊಗಸೆ ತಾವೇ ಕುಡಿದು, ಬಾಯಿ ಒರೆಸಿಕೊಂಡು, "ಹೊರ್ರಿ" ಎಂದರು.

ಓಣಿಯ ಹೆಂಗಸರು ಕೊಡ ಹೊತ್ತು ಸಾಲಾಗಿ ಆಸ್ಪತ್ರೆಗೆ ನಡೆದರು. ಟಾಕಿಯ ತಳ ಕಾಣುವ ಮೊದಲೇ ನೀರು ಮುಟ್ಟಿತು. ನಾನೂ ಒಂದು ಕೊಡ ಹೊತ್ತಿದ್ದೆ. ದಾರಿಯುದ್ದಕ್ಕೂ ಅತ್ತುಬಿಟ್ಟೆ, ಯಾಕೆ ಸುಳ್ಳು ಹೇಳಲಿ.

ಮರುದಿನದಿಂದ ಅದೇ ಒಂದು ಪ್ರಶ್ನೆ ಹಿಡಿದು ಹನ್ನೊಂದು ಬಾವಿ ಹುಡುಕಿದೆವು. ಪಟ್ಟಿಯಲ್ಲಿ ಮನೆ ನಂಬರಿನ ಜೊತೆ ಆ ಮನೆಯ ಹಿರಿಯ ಹೆಂಗಸಿನ ಹೆಸರನ್ನೂ ಅಜ್ಜ ಬರೆಸಿದರು. "ನಂಬರು ಬದಲಾಗ್ತಾವ. ಗಂಗವ್ವನ್ನ ಪೂಜಿ ಮಾಡಿದಾಕಿ ಮರಿಯಂಗಿಲ್ಲ. ಬರದಿಟ್ರ ಸಾಲದ್ರಿ, ತಿಂಗಳಿಗೊಮ್ಮಿ ಸೇದಬೇಕು."

ಪಟ್ಟಿ ಮುಗಿದ ದಿನ ಅವರು ಸುಮ್ಮನೆ ಕೇಳಿದಂತೆ ಕೇಳಿದರು. "ನಿಮ್ಮ ಬಳ್ಳಾರಿ ಮನ್ಯಾಗ ಬಾವಿ ಐತೇನ್ರಿ?"

"ಇಲ್ಲ" ಎಂದೆ. ಆ ಸೊಸೆಯಷ್ಟೇ ಸಲೀಸಾಗಿ.

"ಮತ್ತ ನಿಮ್ಮ ಗಂಗಿ ಪೂಜಿ?"

"ನಲ್ಲಿಗೆ ಮಾಡಿದ್ವಿ ಅಜ್ಜಾ."

ಅವರು ನಗಲಿಲ್ಲ. "ಕೊನಿಗೆ ಒಂದು ಗೆರಿ ಖಾಲಿ ಬಿಡ್ರಿ. ಯಾರಿಗಾರ ನೆನಪಾದ್ರ ಬರೀತಾರ" ಎಂದರು. ಬಿಟ್ಟೆ. ನನ್ನ ಮುಖ ನೋಡಿಯೇ ತಿಳಿದಿತ್ತೋ ಏನೋ...

ಪಾರ್ವತಿನಗರದ ನಮ್ಮ ಮನೆಯಲ್ಲಿ ಬಾವಿ ಇತ್ತು. ನಲ್ಲಿ ಬಂದ ವರ್ಷ ಅಪ್ಪ ಅದರ ಮೇಲೆ ಬಂಡೆ ಎಳೆಸಿದ್ದರು. ಊರಿಗೆ ಹೋದಾಗಲೆಲ್ಲ ಆ ಬಂಡೆಯ ಮೇಲೇ ನಾನು ಸ್ಕೂಟರ್ ನಿಲ್ಲಿಸುತ್ತಿದ್ದೆ.

ಆಮೇಲೆ ನನಗೆ ಬಳ್ಳಾರಿಗೆ ವರ್ಗವಾಯಿತು. ಅಜ್ಜ ಕುರುಗೋಡಿನ ಮಗಳ ಮನೆಗೆ ಹೋದರು ಎಂದು ಕೇಳಿದ್ದೆ. ಬಸ್ ಹತ್ತಿದರೆ ತಾಸಿನ ದಾರಿ. ಬರುವ ಭಾನುವಾರ, ಮುಂದಿನ ಭಾನುವಾರ ಎನ್ನುತ್ತಲೇ ಇದ್ದೆ. ಅವರು ತೀರಿಕೊಂಡ ಸುದ್ದಿ ಮುಟ್ಟುವ ಹೊತ್ತಿಗೆ ವರ್ಷವೇ ಕಳೆದಿತ್ತು. ಅದಕ್ಕೆ ನನ್ನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಗುಜರಿ ಅಂಗಡಿಯ ಆ ಪಾತಾಳಗರಡಿಯನ್ನು ಕೊಂಡು ಮನೆಗೆ ತಂದೆ. "ಯಾಕಮ್ಮಾ ಇದೆಲ್ಲ, ನಲ್ಲಿಗೇ ಪೂಜಿ ಮಾಡಿದ್ರಾತು" ಎಂದಳು ಮಗಳು. ನಾನು ಕೇಳಲಿಲ್ಲ. ಸ್ಕೂಟರ್ ಹೊರಗೆ ನಿಲ್ಲಿಸಿ, ಆಳು ಕರೆಸಿ ಬಂಡೆ ಎತ್ತಿಸಿದೆ. ಲಾಟೀನು ಇಳಿಬಿಟ್ಟೆ, ಆರಲಿಲ್ಲ. ಎಲ್ಲ ಅವರು ಮಾಡಿದ ಕ್ರಮದಲ್ಲೇ ಮಾಡಿಸಿದೆ, ತಾಳ್ಮೆಯಿಂದ ಕಾದೆ ಕೂಡ. ಮೊದಲ ಬೊಗಸೆ ನಾನೇ ಕುಡಿದೆ. ನೀರು ಸ್ವಲ್ಪ ಸವಳು, ಆದರೆ ತಣ್ಣಗಿತ್ತು.

ಇವತ್ತು ಬೆಳಿಗ್ಗೆ ಮಗಳು ಐದು ಹರಳು ಇಟ್ಟು ಪೂಜೆ ಮಾಡಿ, ಪುಟ್ಟ ಕೊಡದಲ್ಲಿ ನೀರು ಒಳಗೆ ತಂದಳು. ಅದಾದ ಮೇಲೆ ನಾನು ಕಪಾಟಿನಿಂದ ಆ ಹಳೆಯ ಪಟ್ಟಿಯ ನಕಲು ತೆಗೆದು, ಖಾಲಿ ಗೆರೆಯಲ್ಲಿ ನನ್ನ ಹೆಸರು ಬರೆದೆ. ಈ ವರದಿಯನ್ನು ನಾನೇ ಒಪ್ಪಿಸೋಣವೆಂದರೆ ಕಚೇರಿಯ ಹೊರಗಿನ ಆ ಬೆಂಚಿನ ಮೇಲೆ ಅಜ್ಜ ಇಲ್ಲ.