ನೀರು ಬಂದ ಮೇಲೆ ಹಾರ

ನಮ್ಮ ಎಂಎಲ್‌ಎ ಸಾಹೇಬರು ಮೊದಲು ಕೋಣನಕುಂಟೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ ಇಟ್ಟಿದ್ದವರು. ಯಾವ ಪೈಪೇ ಆಗಲಿ, ಒಂದು ಕಣ್ಣು ಮುಚ್ಚಿ ಅದರೊಳಗಿಂದ ಆಕಾಶ ನೋಡಿಯೇ ಕೊಡುತ್ತಿದ್ದರು. ಯಾರಾದರೂ ಸಾಮಾನು ಹೊಗಳಿದರೆ, "ನೀರ್ ಬಂದ್ಮೇಲೆ ಹೇಳಿ" ಅನ್ನುವುದು ಅವರ ಮಾತು.

ಎಲೆಕ್ಷನ್ ಗೆದ್ದ ಮೇಲೂ ಆ ಮಾತು ಬಿಡಲಿಲ್ಲ. ನಮ್ಮ ಬೀದಿಗೆ ಕಾವೇರಿ ನೀರಿನ ನಲ್ಲಿ ಹಾಕಿಸಿದರು. ಉದ್ಘಾಟನೆಗೆ ಶಾಮಿಯಾನ ಬಂತು. ದಿನಾ ಟ್ಯಾಂಕರ್ ಸಾಲಿನಲ್ಲಿ ನಿಂತು ಸ್ಕೂಲಿಗೆ ತಡವಾಗಿ ಹೋಗಿ ಬೈಸಿಕೊಳ್ಳುತ್ತಿದ್ದ ನನ್ನ ಮೊಮ್ಮಗಳು ಎಲ್ಲರಿಗಿಂತ ಮುಂದೆ ಬಿಂದಿಗೆ ಹಿಡಿದು ನಿಂತಳು. ಸಾಹೇಬರು ನಲ್ಲಿ ತಿರುಗಿಸಿದರೆ ಬರೀ ಗಾಳಿ.

"ನಾಳೆ ಬರುತ್ತೆ ಸಾರ್, ಹಾರ ಹಾಕಿಸ್ಕೊಳ್ಳಿ," ಅಂದರು ಜೊತೆಯವರು.

"ನೀರ್ ಬಂದ್ಮೇಲೆ," ಅಂದವರೇ ನಮ್ಮ ಜಗುಲಿಯ ಮೇಲೆ ಕೂತುಬಿಟ್ಟರು. "ಊಟಕ್ಕೇನಜ್ಜಿ?"

"ಮುದ್ದೆ, ಬಸ್ಸಾರು ಐತೆ. ಕೈ ತೊಳ್ಯಕ್ಕೇ ನೀರಿಲ್ಲ," ಅಂದೆ.

ಜನವೆಲ್ಲ ನಕ್ಕರು. ಅವರೂ ನಕ್ಕರು, ಆದರೆ ಏಳಲಿಲ್ಲ. ನೀರು ಬಿಡುವವನನ್ನು ಹುಡುಕಿಕೊಂಡು ಸ್ಕೂಟರ್ ಓಡಿತು. ಬಿಸಿಲು ಇಳಿಯಿತು, ಹಾರ ಬಾಡಿತು, ಭಾಷಣಕ್ಕೆ ಬಂದವರು ಒಬ್ಬೊಬ್ಬರೇ ಜಾರಿಕೊಂಡರು. ಸಾಹೇಬರು ಮಾತ್ರ ನಲ್ಲಿಯ ಕಡೆಗೇ ನೋಡುತ್ತಿದ್ದರು.

ಆಮೇಲೆ ನಲ್ಲಿ ಒಮ್ಮೆ ಕೆಮ್ಮಿತು. ಕೆಂಪು ನೀರು ಉಗುಳಿತು. ಹಿಂದೆಯೇ ತಿಳಿನೀರು ಭೋರೆಂದು ಸುರಿಯಿತು. ಬೀದಿಯೇ ಶಿಳ್ಳೆ ಹೊಡೆಯಿತು. ಮೊಮ್ಮಗಳ ಬಿಂದಿಗೆ ತುಂಬಿ ಚೆಲ್ಲಿತು.

"ನಾಳೆ ಪ್ರೇಯರ್‌ಗೇ ಹೋಗ್ತೀನಜ್ಜಿ," ಅಂದಳು.

ಬಾಡಿದ ಹಾರಕ್ಕೆ ಸಾಹೇಬರು ಆಗ ಕತ್ತು ಬಗ್ಗಿಸಿದರು. ಆಮೇಲೆ ನಲ್ಲಿಗೆ ಕೈಯೊಡ್ಡಿ, ತೊಳೆದ ಕೈ ನನಗೆ ತೋರಿಸಿದರು.

"ಈಗ ಮುದ್ದೆ ಹಾಕಜ್ಜಿ."