ಅಮೆರಿಕದ ಪೇಪರು, ನಮ್ಮ ಮನೆಯ ಗೂಡು

ಬಿ.ಎ. ಎರಡನೆಯ ವರ್ಷದಲ್ಲಿ ನಾನು ಒಂದೇ ಒಂದು ಪೇಪರಿನಲ್ಲಿ ಫೇಲಾದೆ. ಆಧುನಿಕ ಅಮೆರಿಕದ ಇತಿಹಾಸ. ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಕೂತುಕೊಂಡು, ನಕಾಶೆಯಲ್ಲಿ ಬೆರಳಿಟ್ಟು ತೋರಿಸಲಿಕ್ಕೂ ಬಾರದ ದೇಶವೊಂದರ ಅಧ್ಯಕ್ಷರು ಯಾವ ಯಾವ ಕಾಯ್ದೆಗೆ ಸಹಿ ಹಾಕಿದರು ಎಂಬುದನ್ನು ಬಾಯಿಪಾಠ ಮಾಡಬೇಕಿತ್ತು. ತೊಂಬತ್ತರ ದಶಕದ ಕೊನೆಯ ಮಾತಿದು. ನಮ್ಮ ಸರ್ ಹಳದಿಗಟ್ಟಿದ ನೋಟ್ಸು ತಂದು, ಕಾಮಾ, ಫುಲ್‌ಸ್ಟಾಪು ಸಮೇತ ಹೇಳಿ ಬರೆಸುತ್ತಿದ್ದರು. ‘ಅಮೆರಿಕವು ಅವಕಾಶಗಳ ನಾಡಾಗಿತ್ತು, ಫುಲ್‌ಸ್ಟಾಪ್, ಹೊಸಾ ಸಾಲು.’ ಹಿಂದಿನ ಬೆಂಚಿನವನೊಬ್ಬ ಒಮ್ಮೆ, ‘ಸರ್, ಅಲಬಾಮಾ ಎಲ್ಲಿ ಬರ್ತೈತ್ರಿ?’ ಎಂದು ಕೇಳಿದ. ‘ಪರೀಕ್ಷಾದಾಗ ನಕಾಶಾ ಕೇಳೂದಿಲ್ಲ, ಸುಮ್ನ ಬರಕೋ’ ಎಂದರು ಸರ್. ಇತಿಹಾಸವೆಂದರೆ ನಮಗೆ ಅಷ್ಟೇ, ಸುಮ್ಮನೆ ಬರೆದುಕೊಳ್ಳುವುದು. ಈಗ ನೆನೆದರೂ ಮೈ ಉರಿಯುತ್ತದೆ. ಆದರೆ ಸರ್ ಅವರನ್ನು ಬೈಯಲು ನಾನಿದನ್ನು ಬರೆಯುತ್ತಿಲ್ಲ. ಛೀ ಥೂ ಎನ್ನಬೇಕಾದ ಮನುಷ್ಯ ಬೇರೆ ಇದ್ದಾನೆ, ಅವನು ನಾನೇ.

ಫೇಲಾದ ಸುದ್ದಿ ಕೇಳಿ ಅಪ್ಪ ಹೆಚ್ಚು ಮಾತಾಡಲಿಲ್ಲ. ಗೋಕುಲ ರಸ್ತೆಯಲ್ಲಿ ನಮ್ಮದೊಂದು ನಟ್ಟು-ಬೋಲ್ಟಿನ ಅಂಗಡಿಯಿತ್ತು. ‘ಇನ್ನೊಮ್ಮೆ ಬಿದ್ದಿ ಅಂದ್ರ ಸಾಲಿ ಸಾಕು. ಬಂದು ಅಂಗಡ್ಯಾಗ ಕುಂದ್ರು’ ಎಂದ. ಆ ಅಂಗಡಿಯ ಗ್ರೀಸಿನ ವಾಸನೆಗೆ ಹೆದರಿ ನಾನು ಕಾಲೇಜು ಸೇರಿದವನು. ಮೂರನೆಯ ವರ್ಷದ ಪೇಪರುಗಳ ಜೊತೆಗೆ ಅಮೆರಿಕದ್ದನ್ನೂ ಕಟ್ಟಿ ಪಾಸಾಗದಿದ್ದರೆ ನನ್ನ ಬಾಳು ಆ ಗಲ್ಲಾಪೆಟ್ಟಿಗೆಯ ಹಿಂದೆ ಮುಗಿಯುತ್ತಿತ್ತು. ಹಾಗಾಗಿ, ಅದೇ ಪೇಪರಿನಲ್ಲಿ ನಮ್ಮ ಕ್ಲಾಸಿಗೇ ಹೆಚ್ಚು ಅಂಕ ತೆಗೆದ ಗೆಳೆಯನ ಬೆನ್ನು ಬಿದ್ದೆ. ಅವನು ತಾಲೂಕಿನ ಸುಳ್ಳ ಎಂಬ ಹಳ್ಳಿಯವನು, ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ‘ವಾರದಾಗ ಮೂರ ದಿನಾ ಮಧ್ಯಾಹ್ನ ಬರ್ತೇನಿ. ಆದ್ರ ನೀ ನಿದ್ದಿ ಮಾಡಬಾರ್ದು’ ಎಂದ.

ಮೊದಲ ದಿನ ಅವ್ವ ಬಾಗಿಲಲ್ಲೇ ಕೇಳಿದಳು, ‘ಯಾರ ಪೈಕಿ ಪಾ ನೀ?’

ನಮ್ಮ ಕಡೆ ಹೊಸಬರನ್ನು ಹೀಗೆ ಕೇಳುವುದು, ಊಟ ಆಯಿತೇ ಎಂದು ಕೇಳಿದಷ್ಟೇ ಸಲೀಸು. ಅವನೂ ಅಷ್ಟೇ ಸಲೀಸಾಗಿ, ಮುಚ್ಚುಮರೆಯಿಲ್ಲದೆ ತನ್ನ ಜಾತಿ ಹೇಳಿದ. ದಲಿತರವನು. ಅವ್ವನ ಮುಖ ಎಳ್ಳಷ್ಟೂ ಬದಲಾಗಲಿಲ್ಲ. ‘ಹೌದನ? ಛಲೋ ಆತು, ಇಲ್ಲೇ ಕಟ್ಟಿ ಮ್ಯಾಲ ಕುಂದ್ರಪಾ, ಹೊರಗ ಗಾಳಿ ಛಲೋ ಬರ್ತೈತಿ’ ಎಂದಳು. ನಮ್ಮವ್ವ ಎಷ್ಟು ದೊಡ್ಡ ಮನಸ್ಸಿನವಳು ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟೆ. ಎಂಥ ಶತದಡ್ಡ!

ಎರಡನೆಯ ದಿನ ಕಪ್ ಬಂತು. ಮನೆಯಲ್ಲಿ ಎಲ್ಲರಿಗೂ ಚಹಾ ಕಪ್-ಬಸಿಯಲ್ಲಿ, ಕಪ್ಪಿನ ಕೆಳಗೊಂದು ಸಾಸರು. ಅವನಿಗೆ ಬರೀ ಕಪ್. ಹಳದಿ ಹೂವಿನ ಚಿತ್ರವಿದ್ದ, ಹಿಡಿಕೆ ಸೀಳಿದ, ಬಸಿ ಎಂದೋ ಒಡೆದುಹೋದ ಕಪ್. ಅಂಗಳದ ನಳದ ಪಕ್ಕ, ಕಂಪೌಂಡ್ ಗೋಡೆಯಲ್ಲಿ ಒಂದು ಗೂಡಿತ್ತು, ಬಟ್ಟೆ ಒಗೆಯುವ ಸಬಕಾರ ಇಡುವ ಗೂಡು. ಅವನು ಚಹಾ ಕುಡಿದು, ಎದ್ದು ಹೋಗಿ, ನಳದ ಕೆಳಗೆ ಕಪ್ ತೊಳೆದು, ಆ ಗೂಡಿನಲ್ಲಿ ಬೋರಲು ಹಾಕಿ ಬಂದ. ಹಾಗೆ ಮಾಡೆಂದು ಯಾರೂ ಅವನಿಗೆ ಹೇಳಲಿಲ್ಲ. ಮುಂದಿನ ಸಲದಿಂದ ಅವ್ವ ಚಹಾದ ಪಾತ್ರೆಯನ್ನೇ ಕಟ್ಟೆಗೆ ತರುತ್ತಿದ್ದಳು. ಅವನು ಗೂಡಿನಿಂದ ಕಪ್ ತಂದು ಹಿಡಿಯುತ್ತಿದ್ದ, ಅವ್ವ ಒಂದು ಗೇಣು ಮೇಲಿನಿಂದ ಹೊಯ್ಯುತ್ತಿದ್ದಳು. ನನ್ನ ಉಳಿದ ಗೆಳೆಯರೆಲ್ಲ ಅವ್ವನನ್ನು ಚಿಕ್ಕಮ್ಮನೆಂಬ ಸಲಿಗೆಯಲ್ಲಿ ಕಾಕು ಎಂದು ಕರೆಯುತ್ತಿದ್ದರು. ಅವನೊಬ್ಬ ಮಾತ್ರ ಮನೆಯಾಳುಗಳ ಹಾಗೆ ಅವ್ವಾರ ಎನ್ನುತ್ತಿದ್ದ.

ಒಂದು ದಿನ ಅಡುಗೆಮನೆಯಲ್ಲಿ ಧೈರ್ಯ ಮಾಡಿದೆ. ‘ಯವ್ವಾ, ಅವಂಗ ಆ ಒಡಕ ಕಪ್ ಯಾಕ?’

‘ಯಾಕ, ಚಾ ಕೊಡಾಕತ್ತಿಲ್ಲನ ನಾ? ನಿನಗ ಬ್ಯಾಡಾದ್ರ ನಾಳಿಂದ ಬರಬ್ಯಾಡ ಅಂತ ಹೇಳ ಅವಂಗ’ ಎಂದಳು ಅವ್ವ, ಮೊರದಿಂದ ಕಣ್ಣೆತ್ತದೆ.

ಬರಬೇಡ ಎಂದರೆ ನನ್ನ ಗತಿ? ನನ್ನ ಪೇಪರು? ಪರೀಕ್ಷೆ ಒಂದು ಮುಗಿಯಲಿ, ಆಮೇಲೆ ಅವ್ವನ ಜೊತೆ ಸರಿಯಾಗಿ ಜಗಳ ತೆಗೆಯುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ. ಆ ಮಾತು ಕೊಟ್ಟುಕೊಂಡಿದ್ದೇ ದೊಡ್ಡ ಸಾಹಸವೆಂಬಂತೆ ಅವತ್ತು ರೊಟ್ಟಿ ಎರಡು ಹೆಚ್ಚಿಗೆ ಉಂಡೆ.

ಅವನು ಕಲಿಸುವ ರೀತಿಯೇ ಬೇರೆ. ಸರ್ ಕೊಟ್ಟ ನೋಟ್ಸನ್ನು ಮುಟ್ಟುತ್ತಿರಲಿಲ್ಲ. ಅಮೆರಿಕವನ್ನೇ ಎತ್ತಿ ಹುಬ್ಬಳ್ಳಿಗೆ ತಂದು ಇಡುತ್ತಿದ್ದ. ‘ಒಂದ ಮುಂಜಾನಿ ನಮ್ಮ ಹತ್ತಿ ಮಾರ್ಕೆಟ್ ತೆರೀಲಿಲ್ಲ ಅನ್ಕೋ. ಹಮಾಲರಿಗೆ ಕೆಲಸಿಲ್ಲ. ಹಮಾಲರು ಚಾ ಕುಡಿಲಿಲ್ಲ, ಚಾದಂಗಡಿ ಮುಚ್ಚತು. ಚಾದಂಗಡಿ ಮುಚ್ಚಿದ ಮ್ಯಾಲೆ ಹಾಲಿನಾಂವ ಎಲ್ಲಿಗೆ ಹೋಗ್ಬೇಕು? ಇದ ನೋಡು ಮಹಾ ಆರ್ಥಿಕ ಕುಸಿತ.’ ಅಲ್ಲಿಂದ ಮುಂದೆ, ‘ಆಗ ಸರ್ಕಾರ ಎದ್ದ ಕುಂತು, ಕೆರಿ ಹೂಳ ತೆಗೀರಿ, ರಸ್ತಾ ಮಾಡ್ರಿ, ಪಗಾರ ನಾವ ಕೊಡ್ತೇವಿ ಅಂತು.’ ಕಮ್ಯುನಿಸ್ಟರ ಭಯದಲ್ಲಿ ಅಲ್ಲಿಯ ಜನ ಒಬ್ಬರನ್ನೊಬ್ಬರು ಹಿಡಿದುಕೊಟ್ಟ ಕಾಲದ ಬಗ್ಗೆ, ‘ಓಣ್ಯಾಗ ಒಬ್ಬಾಂವ, ಇಂವ ಅವರ ಕಡಿಯಾಂವ ಅಂದಬಿಡ್ತಾನ. ಖರೇ ಐತನ ಅಂತ ಯಾರೂ ಕೇಳೂದಿಲ್ಲ. ನಾಳಿಂದ ಅವನ ಕೂಡ ಮಾತ ಬಂದ್.’ ವರ್ಷವಿಡೀ ನನ್ನ ತಲೆಗೆ ಹತ್ತದ್ದು ಅವನ ಎರಡು ಮಾತಿನಲ್ಲಿ ಹತ್ತಿತು. ಪಾಸಾಗುತ್ತೇನೆ ಎಂಬ ಭರವಸೆ ಮೊದಲ ಸಲ ಹುಟ್ಟಿತು.

ಆ ಖುಷಿಯಲ್ಲೇ ಒಂದು ಭಾನುವಾರ ಅವನ ಜೊತೆ ಸುಳ್ಳಕ್ಕೆ ಹೋದೆ. ಅವನ ಎರಡನೆಯ ವರ್ಷದ ನೋಟ್‌ಬುಕ್ಕುಗಳು ಮನೆಯಲ್ಲಿದ್ದವು. ಅವನ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು, ಮನೆ ಸಾರಿಸಿ ಕನ್ನಡಿಯಂತಿತ್ತು. ಅವನ ತಾಯಿ ನನ್ನನ್ನು ಒಳಗೆ ಕರೆದು ಕುರ್ಚಿ ಹಾಕಿದರು. ಆಮೇಲೆ ಟ್ರಂಕು ತೆಗೆದು, ಕಾಗದದಲ್ಲಿ ಸುತ್ತಿಟ್ಟಿದ್ದ ಕಪ್-ಬಸಿ ಹೊರತೆಗೆದು, ಸೆರಗಿನಿಂದ ಒರೆಸಿ ಚಹಾ ತಂದರು. ಬಂಗಾರದ ಅಂಚಿನ ಕಪ್ ಅದು.

‘ಬ್ಯಾಡ್ರಿ, ನಾ ಈಗಷ್ಟ ಕುಡದ ಬಂದೇನ್ರಿ. ಚಾ ಜಾಸ್ತಿ ಆದ್ರ ಪಿತ್ತ ಆಕ್ಕೈತ್ರಿ ನನಗ’ ಎಂದೆ.

ದಿನಕ್ಕೆ ಎಂಟು ಕಪ್ ಚಹಾ ಕುಡಿಯುವ ನನಗೆ ಪಿತ್ತ! ಅವರು, ‘ಹಂಗಾರ ಬ್ಯಾಡ ಬಿಡ್ರಿ’ ಎಂದು ಕಪ್ ಹಿಂದಕ್ಕೆ ಒಯ್ದರು. ಯಾಕೆ ಹಾಗಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ನೆವ ಹೇಳಿಕೊಂಡಿದ್ದೇನೆ. ಅವ್ವನಿಗೆ ಗೊತ್ತಾದರೆ ಎಂಬ ಹೆದರಿಕೆ ಅಂತ, ಸಂಕೋಚ ಅಂತ. ಎಲ್ಲ ಬೊಗಳೆ. ಅಲ್ಲಿ ಅವ್ವ ಇರಲಿಲ್ಲ. ನನ್ನ ಗಂಟಲೇ ಒಲ್ಲೆ ಎಂದಿತು. ಅವತ್ತಿನ ಆ ಗಂಟಲಿನ ಬಗ್ಗೆ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ. ನೋಟ್‌ಬುಕ್ಕುಗಳನ್ನು ಮಾತ್ರ ಎರಡೂ ಕೈ ಚಾಚಿ ಇಸಿದುಕೊಂಡು ಬಂದೆ. ಬಸ್ಸಿನಲ್ಲಿ ಅವನು ಕಿಟಕಿಯಾಚೆ ನೋಡುತ್ತಾ ಕೂತಿದ್ದ.

ಪರೀಕ್ಷೆಗೆ ಎರಡು ವಾರವಿದ್ದಾಗ ಕೊನೆಯ ಅಧ್ಯಾಯ ಬಂತು. ಅವತ್ತು ಅವನು ಗೈಡನ್ನು ನೋಡಿ ಓದಿದ. ‘ಕರಿಯರಿಗೆ ಕುಡಿಯುವ ನೀರಿನ ನಳಗಳು ಬೇರೆ ಇದ್ದವು. ಬಸ್ಸಿನಲ್ಲಿ ಅವರು ಹಿಂದೆ ಕೂಡಬೇಕಾಗಿತ್ತು. ಹೋಟೆಲುಗಳಲ್ಲಿ, ಶಾಲೆಗಳಲ್ಲಿ ಬಿಳಿಯರ ಜೊತೆ ಪ್ರವೇಶವಿರಲಿಲ್ಲ. ಪ್ರತ್ಯೇಕ, ಆದರೆ ಸಮಾನ ಎಂದು ನ್ಯಾಯಾಲಯವೇ ಇದನ್ನು ಒಪ್ಪಿತ್ತು.’ ಓದಿ ನಿಲ್ಲಿಸಿದ. ಹುಬ್ಬಳ್ಳಿಯ ಕತೆ ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಪೆನ್ನು ಹಿಡಿದು ಕಾದೆ. ಅವನು ಪುಟ ಮಗುಚಿದ.

‘ಲೇ, ಉದಾಹರಣಿ ಹೇಳೂದಿಲ್ಲೇನ? ಹೇಳಿದ್ರ ನೆನಪ ಉಳೀತೈತಿ’ ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಸಿಟ್ಟಿರಲಿಲ್ಲ. ‘ಇದಕ್ಕ ನೀನ ಹುಡುಕು’ ಎಂದ.

ಅಷ್ಟರಲ್ಲಿ ಅವ್ವ ಚಹಾದ ಪಾತ್ರೆ ಹಿಡಿದು ಬಂದಳು. ಅವನು ಎದ್ದು ಗೂಡಿನಿಂದ ಕಪ್ ತಂದ, ಬಗ್ಗಿ ಹಿಡಿದ. ಚಹಾ ಮೇಲಿನಿಂದ ಧಾರೆಯಾಗಿ ಬಿತ್ತು, ನಾಲ್ಕು ಹನಿ ಅವನ ಹೆಬ್ಬೆರಳಿಗೆ ಸಿಡಿದವು. ನನಗೆ ತಿಳಿಯಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ನನಗೆ ಪೂರ್ತಿ ತಿಳಿಯಿತು. ಆಗಲೇ ಎದ್ದು, ‘ಯವ್ವಾ, ಒಳಗಿಂದ ಒಂದ ಕಪ್-ಬಸಿ ತಾ’ ಎಂದಿದ್ದರೆ ಸಾಕಿತ್ತು, ನಾಲ್ಕೇ ನಾಲ್ಕು ಮಾತು. ಅವ್ವ ರೇಗುತ್ತಿದ್ದಳು, ಅವನು ಬರುವುದು ನಿಲ್ಲುತ್ತಿತ್ತು, ಇನ್ನೂ ಎರಡು ಅಧ್ಯಾಯಗಳ ಪುನರಾವರ್ತನೆ ಬಾಕಿಯಿತ್ತು. ನಾನು ನನ್ನ ಚಹಾವನ್ನು ಬಸಿಗೆ ಸುರಿದುಕೊಂಡು ಸುರ್ರೆಂದು ಕುಡಿದು, ‘ಆತು ಬಿಡು, ಗೈಡಿನ್ಯಾಗಿಂದ ಬರೀತೇನಿ’ ಎಂದೆ. ಥೂ!

ಪರೀಕ್ಷೆಯಲ್ಲಿ ಬಿತ್ತಲ್ಲ ಅದೇ ಪ್ರಶ್ನೆ! ಅಮೆರಿಕದ ಕರಿಯರು ಅನುಭವಿಸಿದ ಪ್ರತ್ಯೇಕತೆಯನ್ನು ಉದಾಹರಣೆಗಳೊಂದಿಗೆ ವಿವರಿಸಿ. ಹೆಚ್ಚು ಅಂಕದ ದೊಡ್ಡ ಪ್ರಶ್ನೆ. ಕುಣಿದಾಡುವಷ್ಟು ಖುಷಿಯಾಯಿತು. ನಳ, ಬಸ್ಸು, ಹೋಟೆಲು, ಶಾಲೆ ಎಂದು ಪಾಯಿಂಟು ಹಾಕಿ ಆರು ಪುಟ ಬರೆದೆ, ಹೆಚ್ಚಿನ ಹಾಳೆ ಕೇಳಿ ಇಸಿದುಕೊಂಡೆ. ‘ಇಂಥ ಅಮಾನುಷ ಪದ್ಧತಿ ಮಾನವಕುಲಕ್ಕೇ ಕಳಂಕ’ ಎಂಬ ಗೈಡಿನ ಕೊನೆಯ ಸಾಲನ್ನು ಬರೆದು, ಅದರ ಕೆಳಗೆ ಪಟ್ಟಿಯಿಟ್ಟು ಹಸಿರು ಪೆನ್ನಿನಿಂದ ಗೆರೆ ಎಳೆದೆ. ಗೆರೆ ಸೊಟ್ಟಾಗಬಾರದೆಂದು ಎಷ್ಟು ಕಾಳಜಿ ನನಗೆ!

ಪರೀಕ್ಷೆ ಮುಗಿಯಿತು. ಅವ್ವನ ಜೊತೆ ತೆಗೆಯುವುದಾಗಿ ಮಾತು ಕೊಟ್ಟುಕೊಂಡಿದ್ದ ಜಗಳವನ್ನು, ರಿಜಲ್ಟ್ ಬರಲಿ ಎಂದು ಮುಂದೂಡಿದೆ. ರಿಜಲ್ಟೂ ಬಂತು. ಅಮೆರಿಕದಲ್ಲಿ ಅರವತ್ತೆರಡು, ಎಲ್ಲ ಪಾಸ್. ಅಂಗಡಿ ತಪ್ಪಿತು. ಅವನಿಗೆ ಫಸ್ಟ್ ಕ್ಲಾಸ್, ಎಂ.ಎ. ಮಾಡಲು ಧಾರವಾಡಕ್ಕೆ ಹೊರಟಿದ್ದ. ಅವತ್ತು ಸಂಜೆ ಪೇಢೆಯ ಡಬ್ಬಿ ಹಿಡಿದುಕೊಂಡು ಮನೆಗೆ ಬಂದ. ನಾನು ಎರಡು ತಿಂದೆ. ಅವ್ವ ಕೈ ಚಾಚಲಿಲ್ಲ. ‘ನನಗ ಸಕ್ಕರಿ ಬ್ಯಾನಿ ಪಾ’ ಎಂದಳು. ಹಿಂದಿನ ದಿನವಷ್ಟೇ ಮೂರು ಹೋಳಿಗೆ ತಿಂದಿದ್ದಳು. ಸುಳ್ಳದಲ್ಲಿ ನನಗೆ ಪಿತ್ತವಾದ ಹಾಗೆ ಇಲ್ಲಿ ಅವ್ವನಿಗೆ ಸಕ್ಕರೆ ಬೇನೆ. ತಾಯಿಗೆ ತಕ್ಕ ಮಗ ನಾನು.

ಅವನು ಚಹಾ ಕುಡಿದು, ನಳದ ಕೆಳಗೆ ಕಪ್ ತೊಳೆದ. ಆದರೆ ಗೂಡಿನಲ್ಲಿ ಇಡಲಿಲ್ಲ. ಕಿಸೆಯಿಂದ ಕರ್ಚೀಪು ತೆಗೆದು ಒಳಗೆ-ಹೊರಗೆ ನಿಧಾನವಾಗಿ ಒರೆಸಿದ.

‘ಅವ್ವಾರ, ಈ ಕಪ್ ನಾ ಒಯ್ಯಲೇನ್ರಿ? ಇನ್ನ ನಾ ಬರೂದಿಲ್ಲ. ನಿಮ್ಮ ಮನ್ಯಾಗ ಇದರಾಗ ಮತ್ತ ಯಾರೂ ಕುಡಿಯೂದಿಲ್ಲ’ ಎಂದ.

ಅವ್ವನಿಗೆ ಹಗುರಾಯಿತು. ‘ಒಯ್ಯಪಾ, ಒಯ್ಯಿ. ಧಾರವಾಡದಾಗ ರೂಮಿನ್ಯಾಗ ಬೇಕಾಕ್ಕೈತಿ’ ಎಂದಳು.

ನಾನು ಗೇಟಿನ ತನಕ ಹೋದೆ. ಅವನು ಕಪ್ಪನ್ನು ಕರ್ಚೀಪಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ‘ಉದಾಹರಣಿ ಏನ ಬರದಿ?’ ಎಂದು ಕೇಳಿದ.

‘ಗೈಡಿನ್ಯಾಗ ಇದ್ದದ್ದು’ ಎಂದೆ.

‘ಛಲೋ ಆತು’ ಎಂದು ತಲೆಯಾಡಿಸಿ, ಬಸ್ ಸ್ಟಾಪಿನ ಕಡೆ ನಡೆದ. ಆಮೇಲೆ ಅವನು ಧಾರವಾಡದಲ್ಲಿ ಇದ್ದಷ್ಟು ವರ್ಷ ಒಂದೇ ಒಂದು ಸಲವೂ ನಮ್ಮ ಮನೆಗೆ ಬರಲಿಲ್ಲ, ನಾನೂ ಹೋಗಲಿಲ್ಲ.

ನಾನು ಅಂಗಳಕ್ಕೆ ಮರಳಿದಾಗ ಅವ್ವ ಗೂಡಿನ ಮುಂದೆ ನಿಂತಿದ್ದಳು. ‘ಎಷ್ಟ ಮರ್ಯಾದಿಯ ಹುಡುಗ ನೋಡ, ಕೇಳಿ ತಗೊಂಡ ಹ್ವಾದ’ ಎಂದಳು. ಗೂಡಿನ ಗಾರೆಯ ಮೇಲೆ ಕಪ್ ಬೋರಲು ಹಾಕುತ್ತಿದ್ದ ಜಾಗದಲ್ಲಿ ಒಂದು ದುಂಡನೆಯ ಕಲೆ ಉಳಿದಿತ್ತು. ಅವ್ವ ಒದ್ದೆ ಅರಿವೆ ಹಿಂಡಿ ನನ್ನ ಕೈಗೆ ಕೊಟ್ಟಳು. ‘ಒರಸ ಅದನ್ನ, ಇರಿವಿ ಬರ್ತಾವ.’

ಬಿ.ಎ. ಪಾಸಾದ ನಾನು ಬಗ್ಗಿ, ಕಲೆ ಪೂರ್ತಿ ಹೋಗುವ ತನಕ ತಿಕ್ಕಿದೆ.